ಇಳಿಸಿಕೊಳ್ಳದೆ ಬಿಟ್ಟ ಅಕ್ಕನ ದನಿ

ಅಕ್ಕ, ನೀನು ಕೊನೆಕೊನೆಗೆ ಕಳಿಸಿದ್ದನ್ನು ನಾನು ಕೇಳಲೇ ಇಲ್ಲ. ಒಂದನ್ನೂ ಕೇಳಲಿಲ್ಲ. ಕೇಳಿದೆ ಎಂದು ನಿನಗೆ ಹೇಳಿದ್ದು ಸುಳ್ಳು — ಎರಡು ವರ್ಷದಿಂದ ಆ ಸುಳ್ಳನ್ನು ಹೊತ್ತು ತಿರುಗಿ ಸಾಕಾಗಿದೆ.

ನಿನ್ನ ವಾಯ್ಸ್ ಮೆಸೇಜುಗಳೆಂದರೆ ನನಗೆ ಆಗ ಬೇಸರ. ಸಖರಾಯಪಟ್ಟಣದ ತೋಟಕ್ಕೆ ಕಾಯಿ ಕೀಳುವವನು ಬರಲಿಲ್ಲ ಎಂದು ಶುರುವಾಗಿ, ಸೊಸೆ ಸಾರಿಗೆ ಉಪ್ಪು ಮರೆತಿದ್ದಕ್ಕೆ ಬಂದು, ಬುಕ್ಕಾಂಬುಧಿಯ ನಮ್ಮ ತವರಿನ ಹಳೇ ಜಗಳ ಮುಟ್ಟುವವರೆಗೆ ಅವು ಮುಗಿಯುತ್ತಿರಲಿಲ್ಲ. ತರೀಕೆರೆಯ ಸ್ಕೂಲಿನಲ್ಲಿ ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದವಳಿಗೆ ಮನೆಯಲ್ಲಿ ನಿನ್ನ ದನಿಯೂ... ಹೇಳಲು ನಾಚಿಕೆಯಾಗುತ್ತದೆ. ಸಾಕಪ್ಪಾ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಫೋನಿನ ಮೆಮೊರಿ ತುಂಬಿತು. ಗುಡ್ ಮಾರ್ನಿಂಗ್ ಹೂವುಗಳು, ಯಾರದೋ ನಾಮಕರಣದ ವಿಡಿಯೋಗಳು. ನಿನ್ನ ಮೆಸೇಜು ಬರುತ್ತಿತ್ತು, ಇಳಿಯುತ್ತಿರಲಿಲ್ಲ. ಬರೀ ಒಂದು ಬಾಣದ ಗುರುತು ಕಾಣುತ್ತಿತ್ತು. ಆ ಹೂವುಗಳನ್ನು ಅಳಿಸಿದ್ದರೆ ಜಾಗವಾಗುತ್ತಿತ್ತು. ಗೊತ್ತಿತ್ತು ನನಗೆ. ಅಳಿಸಲಿಲ್ಲ — ಅದು ತುಂಬಿದ್ದೇ ನನಗೆ ಅನುಕೂಲವಾಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಫೋನು ಫುಲ್ ಅಂದೆ.

ಗಂಟಲ ಆಪರೇಷನ್ನಿಗೆ ಮುಂಚೆ ನೀನು ಮೇಲಿಂದ ಮೇಲೆ ಕಳಿಸಿದೆ. ಆಪರೇಷನ್ ಇದೆ ಎಂದು ಗೊತ್ತಿತ್ತು. ಆಮೇಲೆ ದನಿಯೇ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ನೀನು ನನಗೆ ಹೇಳಿರಲಿಲ್ಲ. ಆಸ್ಪತ್ರೆಗೆ ಹೊರಡುವ ದಿನ ನೀನೇ ಫೋನ್ ಮಾಡಿದೆ.

"ಕಳ್ಸಿದ್ದೆಲ್ಲ ಕೇಳ್ದೇನೇ?"

"ಹೂಂ ಕಣಕ್ಕ, ಎಲ್ಲಾ ಕೇಳ್ದೆ."

"ಅಳಿಸ್ಬ್ಯಾಡ ಕಣೇ. ಇಟ್ಕಂಡಿರು."

ನಿನ್ನ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಸ್ಕೂಲಿನ ಪರೀಕ್ಷೆಯ ನೆಪ ಹೇಳಿ ನಾನು ಆಸ್ಪತ್ರೆಗೂ ಬರಲಿಲ್ಲ. ನೀನು ಮನೆಗೆ ಬಂದ ಮೇಲೆ ನೋಡಲು ಬಂದಾಗ ತಿಂಗಳ ಮೇಲಾಗಿತ್ತು. ಕತ್ತಿಗೆ ಬಟ್ಟೆ ಕಟ್ಟಿಕೊಂಡಿದ್ದೆ ನೀನು, ನನ್ನನ್ನು ನೋಡಿ ಬಾಯಿ ಆಡಿಸಿದೆ — ಬರೀ ಗಾಳಿ. ಅವತ್ತು ವಾಪಸು ಬರುವಾಗ, ಕಡೂರು ಮುಟ್ಟುವ ಮುಂಚೆ, ಬಸ್ಸಿನಲ್ಲೇ ಫೋಟೋ ಗೀಟೋ ಎಲ್ಲ ಅಳಿಸಿ ಆ ಬಾಣದ ಗುರುತು ಒತ್ತಿದೆ. ಈ ಆಡಿಯೋ ಈಗ ಸಿಗುವುದಿಲ್ಲ, ಕಳಿಸಿದವರನ್ನು ಮತ್ತೆ ಕಳಿಸಲು ಕೇಳಿ, ಎಂದಿತು ಫೋನು. ಒಂದೊಂದನ್ನೂ ಒತ್ತಿ ನೋಡಿದೆ. ಎಲ್ಲದಕ್ಕೂ ಅದೇ ಉತ್ತರ. ಯಾರನ್ನು ಕೇಳಲಿ? ನಿನ್ನ ಫೋನು ಆಸ್ಪತ್ರೆಯ ಓಡಾಟದಲ್ಲೇ ಕಳೆದುಹೋಗಿತ್ತು.

ಕಾಯಿ, ಸೊಸೆ, ಅದೇ ಪುರಾಣ ಇದ್ದಿರಬೇಕು ಬಿಡು — ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಎರಡು ವರ್ಷ ತಳ್ಳಿದೆ.

ಹೋದ ವಾರ ಮಗಳ ಮದುವೆಗೆ ಕರೆಯಲು ಬಂದೆನಲ್ಲ, ನೀನು ನನ್ನ ಫೋನಿನ ಕಡೆ ಕೈ ತೋರಿಸಿ, ತೊಡೆ ತಟ್ಟಿ ತಾಳ ಹಾಕಿ ನಕ್ಕೆ. ನನಗೆ ಅರ್ಥವಾಗಲಿಲ್ಲ. ನಿನ್ನ ಸೊಸೆ ಬಿಡಿಸಿ ಹೇಳಿದಳು:

"ಸೋಬಾನೆ ಪದ ಚಿಕ್ಕಮ್ಮಾ. ಆಪರೇಸನ್‌ಗೆ ಮುಂಚೆ ಬಾಗ್ಲು ಹಾಕ್ಕಂಡು ಹಾಡಿ ಹಾಡಿ ಕಳ್ಸವ್ರಲ್ಲ ನಿಮ್ಗೆ. ಹುಡ್ಗೀನ ಹಸೆಗೆ ಕರೆಯೋವಾಗ ಮೈಕ್‌ನಾಗೆ ಹಾಕ್ಸ್ಬೇಕಂತೆ."

ಊರಿನವರ ಮದುವೆಗಳಿಗೆಲ್ಲ ಹಾಡಿದವಳು ನೀನು. ನನ್ನ ಮಗಳ ಮದುವೆಯ ಹೊತ್ತಿಗೆ ದನಿ ಇರುವುದಿಲ್ಲ ಎಂದು ತಿಳಿದು, ನೋಯುವ ಗಂಟಲಿನಲ್ಲೇ ಹಾಡಿ ನನ್ನ ಹತ್ತಿರ ಇಟ್ಟಿದ್ದೆ. ಆಗಲಾದರೂ ನಾನು ನಿಜ ಹೇಳಬಹುದಿತ್ತು. "ಹಾಕ್ಸ್ತೀನಿ ಕಣಕ್ಕ" ಎಂದೆ. ನೀನು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

ಈ ಭಾನುವಾರ ಮತ್ತೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಕೂತು ಬಾಯಿಬಿಟ್ಟು ಹೇಳುತ್ತೇನೆ. ಕೆಲಸ, ಆಯಾಸ, ಫೋನು — ಯಾವುದರ ಹೆಸರನ್ನೂ ಎತ್ತುವುದಿಲ್ಲ. ಚಿಕ್ಕಂದಿನಲ್ಲಿ ನಾನು ತಪ್ಪು ಮಾಡಿದರೆ ನೀನು ಕೆರೆ ಏರಿಯವರೆಗೆ ಕೇಳುವಂತೆ ಬೈಯುತ್ತಿದ್ದೆ; ನಾನು ಅರ್ಧದಲ್ಲೇ ಎದ್ದು ಓಡುತ್ತಿದ್ದೆ. ಈ ಸಲವೂ ಬೈಯಬೇಕು ಅಕ್ಕ, ಬಾಯಿಗೆ ಬಂದಂತೆ ಬೈಯಬೇಕು. ನಿನ್ನ ತುಟಿ ಅಲ್ಲಾಡುತ್ತದೆ, ದನಿ ಬರುವುದಿಲ್ಲ. ಅದು ಮುಗಿಯುವವರೆಗೂ ಎದ್ದು ಹೋಗದೆ ಕೂತಿರುತ್ತೇನೆ.