ಸತ್ಯಭಾಮೆಯ ಮೊಣಕೈ

ಮುಂಬೈ ಲೋಕಲ್ ರೈಲಿನ ಡೊಂಬಿವಲಿಯ ಲೇಡೀಸ್ ಡಬ್ಬದಲ್ಲಿ ಸತ್ಯಭಾಮೆಗಿಂತ ಅವಳ ಬಲ ಮೊಣಕೈಯೇ ಹೆಚ್ಚು ಪ್ರಸಿದ್ಧ. ಠಾಣೆ ಊರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳು ನಿವೃತ್ತಿಯಾಗುವ ತನಕ ಬೆಳಗ್ಗೆ ಸಂಜೆ ಆ ಮೊಣಕೈಯಿಂದಲೇ ದಾರಿ ಮಾಡಿಕೊಂಡವಳು. ಯಾರದೋ ಜಡೆ ಹಿಡಿದು ಎಳೆದಿದ್ದಾಳೆ, ಯಾರದೋ ಓಲೆ ಸಿಕ್ಕಿ ಕಿವಿ ಹರಿದಿದೆ, ಅವಳ ಭುಜದ ಮೇಲೂ ಸೀರೆಪಿನ್ನು ಚುಚ್ಚಿದ ಗುರುತುಗಳಿವೆ. ಇದನ್ನು ಕೇಳಿ ಮೂಗು ಮುರಿಯುವವರು ಒಮ್ಮೆ ಬೆಳಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಗೆ ಬಂದು ಗಾಡಿ ಹತ್ತಿ ತೋರಿಸಲಿ, ಆಮೇಲೆ ಮಾತಾಡೋಣ.

ಮೊದಲಿಗೆ ಅವಳು ಹೀಗಿರಲಿಲ್ಲ. ಉಡುಪಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಎಲ್ಲರೂ ಹತ್ತಲೆಂದು ಬದಿಗೆ ನಿಲ್ಲುತ್ತಿದ್ದಳು. ಜೊತೆಗೆ ಕೆಲಸಕ್ಕೆ ಹೋಗುತ್ತಿದ್ದ ವಾರಿಜಾ ಇನ್ನೂ ಸಾಧು. ಒಂದು ದಿನ ವಾರಿಜಾ ಹಾಗೇ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಹತ್ತಿದಳು. ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ. ಮುಂಬ್ರಾ ದಾಟುವಾಗ ಹಳಿಯ ಪಕ್ಕದ ಕಂಬ ಬಡಿದು ಬಿದ್ದಳು. ಒಳಗಿದ್ದ ಸತ್ಯಭಾಮೆಯ ಮುಷ್ಟಿಯಲ್ಲಿ ಗೆಳತಿಯ ಸೆರಗಿನ ಹರುಕು ಮಾತ್ರ ಉಳಿಯಿತು. ಅಂದಿನಿಂದ ಅವಳು ಯಾರಿಗೂ ದಾರಿ ಬಿಟ್ಟವಳಲ್ಲ.

ಗಂಡ ಕಮಲಾಕ್ಷ ರಾಯರು ಇರುವೆಗೂ ನೋವು ಮಾಡದ ಜೀವ. ಮನೆಯಿಂದ ಕೂಗಳತೆಯಲ್ಲಿದ್ದ ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಮುದುಕರಾದವರಿಗೆ ಬೆಳಗಿನ ಗಾಡಿಯ ಗರ್ದಿ, ಆ ನೂಕುನುಗ್ಗಲು ಎಂದರೆ ಏನೆಂದು ಗೊತ್ತಿಲ್ಲ. ಇಬ್ಬರೂ ಎಲ್ಲಿಗಾದರೂ ಹೊರಟರೆ ಅವಳು ಲೇಡೀಸ್ ಡಬ್ಬಕ್ಕೆ, ಅವರು ಜೆಂಟ್ಸಿಗೆ. ಇಳಿದ ಮೇಲೆ ಸೇತುವೆಯ ಕೆಳಗೆ ಭೇಟಿ. ಇಷ್ಟು ವರ್ಷದ ಸಂಸಾರದಲ್ಲಿ ಲೋಕಲ್ ಗಾಡಿಯ ಒಂದೇ ಬೆಂಚಿನಲ್ಲಿ ಇಬ್ಬರೂ ಕೂತದ್ದಿಲ್ಲ. ಗಂಡನ ಪಕ್ಕ, ಕಿಟಕಿಯ ಹತ್ತಿರ ಕೂತು, ಹೊರಗೆ ನೋಡಿಕೊಂಡು ರೈಲಿನಲ್ಲಿ ಹೋಗಬೇಕು. ಇಡೀ ಜನ್ಮದಲ್ಲಿ ಸತ್ಯಭಾಮೆ ಬಾಯಿಬಿಟ್ಟು ಹೇಳಿದ ಆಸೆ ಇದೊಂದೇ.

ಐರೋಲಿಯಲ್ಲಿರುವ ಮಗಳು ಶ್ರೀಲಕ್ಷ್ಮಿ ಅದಕ್ಕೆ ದಾರಿ ಮಾಡಿದಳು. ಮುಂದಿನ ತಿಂಗಳು ಗಂಡ ಹೆಂಡತಿಗೆ ಇಟಲಿ, ಆಸ್ಟ್ರಿಯಾ ಪ್ರವಾಸ. ವಿದೇಶ ಇಬ್ಬರಿಗೂ ಹೊಸತು, ಖರ್ಚು ಹಗುರವಾಗಬೇಕು. ಹಾಗಾಗಿ ಊರಿಂದೂರಿಗೆ ಸೀಟು ಕಾಯ್ದಿರಿಸದ ಸಾದಾ ರೈಲು, ಉಳಿಯಲು ಸ್ಟೇಷನ್ನಿನ ಬಳಿಯ ಹಾಸ್ಟೆಲು, ಒಂದರ ಮೇಲೊಂದು ಮಂಚ, ಇಡೀ ಮಹಡಿಗೆ ಒಂದೇ ಬಚ್ಚಲು. ಹತ್ತು ಮನೆಗೆ ಒಂದೇ ಬಚ್ಚಲಿನ ಚಾಳಿನಲ್ಲಿ ಬಾಳಿ ಬಂದ ಸತ್ಯಭಾಮೆಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಮಗಳ ಕೊನೆಯ ಮಾತೊಂದು ಮಾತ್ರ ಕಿವಿಯಲ್ಲಿ ಉಳಿಯಿತು.

"ಅಮ್ಮಾ, ಉಧರ್ ಕೂಲಿ ನಹೀಂ ಮಿಲ್ತಾ. ಸಣ್ಣ ಸ್ಟೇಷನಲ್ಲಿ ಗಾಡಿ ಜಾಸ್ತಿ ನಿಲ್ಲುದಿಲ್ಲ. ಬ್ಯಾಗ್ ನೀವೇ ಎತ್ತಿ ಹತ್ಬೇಕು. ಪಪ್ಪಂಗೆ ಆಗ್ತದಾ?"

"ಆಗದೆ ಎಂತ? ನಾನು ಕಲಿಸ್ತೇನೆ," ಎಂದಳು ಸತ್ಯಭಾಮೆ.

ಮರುದಿನ ಬೆಳಗ್ಗೆ, ಗರ್ದಿ ಕುದಿಯುವ ಹೊತ್ತಿಗೆ ಸರಿಯಾಗಿ, ಗಂಡನಿಗೆ ಬೂಟು ಹಾಕಿಸಿ, ಹೊಸ ಟ್ರಾಲಿ ಬ್ಯಾಗಿಗೆ ತೂಕ ಬರಲೆಂದು ಅಕ್ಕಿ ತುಂಬಿ, ಪ್ಲಾಟ್‌ಫಾರ್ಮಿಗೆ ಕರೆತಂದಳು. ಗಂಡಸರು ತುಂಬಿದ ಡಬ್ಬದ ಬಾಗಿಲು ನಿಲ್ಲುವ ಜಾಗ ನೋಡಿ ನಿಲ್ಲಿಸಿದಳು.

"ಬೇಡ ಮಾರಾಯ್ತಿ. ಅಲ್ಲಿಯವರು ಹೀಗೆ ದೂಡ್ಲಿಕ್ಕಿಲ್ಲ," ಎಂದರು ರಾಯರು.

"ಎಲ್ಲಿಯ ರೈಲಾದ್ರೂ ರೈಲೇ. ಮೊದಲು ಬ್ಯಾಗು, ಆಮೇಲೆ ಮೊಣಕೈ, ಆಮೇಲೆ ನೀವು. ಗೊತ್ತಾಯ್ತಾ?"

ಗಾಡಿ ನಿಲ್ಲುವ ಮೊದಲೇ ಜನ ಅದರ ಮೇಲೆ ಬಿದ್ದರು. ಸತ್ಯಭಾಮೆ ಗಂಡನ ಬೆನ್ನಿಗೆ ಎರಡೂ ಅಂಗೈ ಇಟ್ಟು ದೂಡಿದಳು. ಯಾರೋ ಬ್ಯಾಗಿಗೆ ಒದ್ದರು, ಜಿಪ್ಪು ಬಿರಿದು ಅಕ್ಕಿ ಚೆಲ್ಲಿತು. ಯಾರದೋ ಮಂಡಿ ಅವಳ ಪಕ್ಕೆಗೆ ತಾಗಿತು. ಅವಳು ಬಡ್ಡಿ ಸಮೇತ ಹಿಂತಿರುಗಿಸಿದಳು. ಅಷ್ಟರಲ್ಲಿ ಗಾಡಿ ಅಲುಗಿತು. ರಾಯರ ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ.

ಸತ್ಯಭಾಮೆಯ ಕಣ್ಣಿಗೆ ಕತ್ತಲು ಕವಿಯಿತು. ಒಳಗಿನಿಂದ ಒಂದು ಕೈ ಬಂದು ಗಂಡನ ಕಾಲರು ಹಿಡಿದದ್ದಷ್ಟೇ ಕಂಡಿತು. ಬಾಗಿಲಲ್ಲಿ ಚಾಚಿದ ಕೈ ಇರುವುದು ತಳ್ಳುವುದಕ್ಕೆ, ಅವಳ ಲೋಕದಲ್ಲಿ ಬೇರೆ ಕೈಯೇ ಇಲ್ಲ. ಪಕ್ಕಕ್ಕೆ ನುಗ್ಗಿ ಆ ಕೈಯತ್ತ ಮೊಣಕೈ ಬೀಸಿದಳು. ಲಟ್ಟೆಂದು ಸದ್ದಾಯಿತು. ರಾಯರು, ಅವರ ಕಾಲರು ಹಿಡಿದವನು, ಸತ್ಯಭಾಮೆ, ಮೂವರೂ ಒಟ್ಟಿಗೆ ಪ್ಲಾಟ್‌ಫಾರ್ಮಿಗೆ ಉರುಳಿದರು, ಗಾಡಿ ಹೋಯಿತು.

ರಾಯರ ಬಾಯಿ ತುಂಬ ರಕ್ತ, ಮುಂದಿನ ಎರಡು ಹಲ್ಲಿಲ್ಲ. ಸತ್ಯಭಾಮೆ ಚಪ್ಪಲಿ ಕಳಚಿ ಆ ಮನುಷ್ಯನ ಮುಖಕ್ಕೆ ಬಾರಿಸಿದಳು, ಮತ್ತೆ ಬಾರಿಸಿದಳು. ಮೂಗು ಒಡೆದು ರಕ್ತ ಅವನ ಅಂಗಿಗೆ ಇಳಿಯಿತು. "ಮುದುಕರನ್ನು ತಳ್ಳಿದ" ಎಂಬ ಕೂಗು ಕೇಳಿದ್ದೇ ತಡ, ಗಾಡಿ ತಪ್ಪಿದ ಸಿಟ್ಟಿನಲ್ಲಿದ್ದ ಜನರೆಲ್ಲ ಬೇಲಿ ಹರಿದ ಗದ್ದೆಗೆ ಹಂದಿ ನುಗ್ಗಿದ ಹಾಗೆ ಅವನ ಮೇಲೆ ನುಗ್ಗಿದರು. ಹೊಟ್ಟೆಗೆ ಒದ್ದರು, ಬೆನ್ನಿಗೆ ಒದ್ದರು. ಪೊಲೀಸರು ಬಾರದಿದ್ದರೆ ಅವನ ಹೆಣವೇ ಬೀಳುತ್ತಿತ್ತು.

ಸ್ಟೇಷನ್ನಿನ ಪೊಲೀಸ್ ಚೌಕಿಯಲ್ಲಿ ತಿಳಿಯಿತು, ಅವನ ಹೆಸರು ಸಮಿತ್; ಠಾಣೆ ಊರಿನಲ್ಲಿ ಗಾಡಿ ಬದಲಿಸಿ ಐರೋಲಿಯ ಕಂಪನಿಗೆ ಹೋಗುವವನು. "ಇವನೇ ನನ್ನ ಗಂಡನ ಹಲ್ಲು ಉದುರಿಸಿದ್ದು, ಒಳಗೆ ಹಾಕಿ!" ಎಂದು ಸತ್ಯಭಾಮೆ ಮರಾಠಿಯಲ್ಲಿ ಮೇಜು ಗುದ್ದಿ ಗುದ್ದಿ ಕೂಗಿದಳು.

ರಾಯರು ಬಾಯಿಗೊತ್ತಿದ ಟವೆಲು ಸರಿಸಿ ಹೇಳಿದರು, "ಯಾರೂ ಹೊಡೀಲಿಲ್ಲ. ಬಾಗಿಲಿನ ಕಂಬ ತಾಗಿದ್ದು." ಹೇಳುತ್ತ, ಇನ್ನೊಂದು ಕೈಯಿಂದ ಹೆಂಡತಿಯ ಸೆರಗು ಎಳೆದು ಅವಳ ಬಲಗೈಗೆ ಹೊದಿಸಿದರು.

ಇದೇಕೆ ಹೊದಿಸುತ್ತಾರೆಂದು ಸತ್ಯಭಾಮೆ ಸೆರಗು ಸರಿಸಿ ನೋಡಿಕೊಂಡಳು. ಮೊಣಕೈಯಲ್ಲಿ ಎರಡು ಆಳದ ಗಾಯ. ಒಂದರಲ್ಲಿ ಬಿಳಿಯ ಚೂರೊಂದು ಕಚ್ಚಿಕೊಂಡಿತ್ತು. ಗಂಡನ ಹಲ್ಲು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವಳೇ ಎಷ್ಟೋ ಮಂದಿಗೆ ಬುದ್ಧಿ ಹೇಳಿದ್ದಳು. ಎದುರಿಗೆ ಒಡೆದ ಮೂಗು ಕೂತಿತ್ತು. ಕಂಬ ಎಂದು ಒಪ್ಪಿಕೊಂಡರೆ ಎಲ್ಲ ಸುಸೂತ್ರ. ನಿಜ ಹೇಳಿದರೆ ಪೊಲೀಸ್ ಕೇಸು. ಇಟಲಿಯೂ ಇಲ್ಲ, ಕಿಟಕಿಯೂ ಇಲ್ಲ. ನಾಚಿಕೆಯಿಂದ ಅವಳ ಮೈ ಸುಟ್ಟುಹೋಯಿತು.

"ಕಂಬ ಅಲ್ಲ," ಎಂದು ಮೊಣಕೈ ಎತ್ತಿ ತೋರಿಸಿದಳು. "ನಾನು. ಇವರ ಹಲ್ಲೂ ನಾನೇ, ಅವನ ಮೂಗೂ ನಾನೇ."

ಹವಾಲ್ದಾರ ಸಮಿತನ ಕಡೆ ತಿರುಗಿ ಕೇಸು ಹಾಕುತ್ತೀಯಾ ಎಂದು ಕೇಳಿದ. ಸಮಿತ್ ಪಕ್ಕೆ ಹಿಡಿದುಕೊಂಡು ಕಷ್ಟಪಟ್ಟು ಎದ್ದ. "ಮೀ ತರ್ ಹಾತ್ ದಿಲಾ ಹೋತಾ, ಕಾಕೂ," ಎಂದ. ನಾನು ಕೈ ಕೊಟ್ಟಿದ್ದೆ, ಅಷ್ಟೇ. ಕೇಸು ಬೇಡ, ಈಗಾಗಲೇ ಆಫೀಸಿನಲ್ಲಿ ಲೇಟ್ ಮಾರ್ಕ್ ಬಿದ್ದಿದೆ ಎಂದು ಹೊರಗೆ ನಡೆದ.

ಗಂಡ ಹೆಂಡತಿಯೂ ಪ್ಲಾಟ್‌ಫಾರ್ಮಿಗೆ ಬಂದರು. ಬಾಯಿ ಬಾತ ರಾಯರು ಅವಳ ಮುಖ ನೋಡದೆ ಹೇಳಿದರು, "ನಾನು ನಿನ್ನೊಟ್ಟಿಗೆ ಬರುದಿಲ್ಲ ಭಾಮೆ. ಹಲ್ಲು ಹೋದ್ರೆ ಹೋಗ್ಲಿ. ಅವ ಕೈ ಕೊಟ್ಟದ್ದು ನಿನಗೆ ಕಾಣ್ಲೇ ಇಲ್ಲ ಅಲ್ವಾ? ಅಂಥ ಕಣ್ಣಲ್ಲಿ ಕಿಟಕಿಯಿಂದ ಎಂತ ನೋಡ್ತಿ?"

ಆಗಲೇ ಮುಂದಿನ ಗಾಡಿ ಬಂತು. ಸಮಿತ್ ನುಗ್ಗಿದ, ಆದರೆ ಪೆಟ್ಟು ತಿಂದ ಮೈಯಲ್ಲಿ ಬಲವಿರಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ. ಗಾಡಿ ಅಲುಗಿತು.

ಸತ್ಯಭಾಮೆ ಚೆಲ್ಲಿದ ಅಕ್ಕಿಯ ಮೇಲೆ ಜಾರುತ್ತ ಓಡಿದಳು. ಅದೇ ಮೊಣಕೈಯನ್ನು ಅವನ ಸೊಂಟಕ್ಕೆ ಊರಿ, ಒಳಗಿದ್ದವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ದೂಡಿದಳು. ಒಳಗೆ ಯಾರೋ ಕಿರುಚಿದರು, ಯಾರೋ ಬಿದ್ದರು. ಸಮಿತನ ಎರಡನೆಯ ಕಾಲೂ ಒಳಗೆ ಹೋಯಿತು. ಅವಳು ಪ್ಲಾಟ್‌ಫಾರ್ಮಿನಲ್ಲಿ ಮಂಡಿಯೂರಿ ಬಿದ್ದು, ಗಾಡಿ ಕಣ್ಮರೆಯಾಗುವ ತನಕ ಆ ಬಾಗಿಲನ್ನೇ ನೋಡಿದಳು. ಗಾಯ ಮತ್ತೆ ಒಡೆದು ರಕ್ತ ಸುರಿಯುತ್ತಿತ್ತು.

ರಾಯರು ಹರಿದ ಬ್ಯಾಗನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ನಿಂತರು.

"ಹತ್ತಿದ್ನಾ?"

"ಹತ್ತಿದ."

ರಾಯರು ಬಾಯಿಯ ಟವೆಲು ತೆಗೆದು ಅವಳ ಮೊಣಕೈಗೆ ಬಿಗಿಯಾಗಿ ಸುತ್ತಿದರು.

"ಇಟಲಿಯಲ್ಲಿ ನಾನು ಮೊದಲು ಹತ್ತುದು," ಎಂದರು. "ನೀನು ಹಿಂದಿನಿಂದ ದೂಡು."