ಮಿಗ್ದಾಲಿಯಾ ಕೇಳದೆ ಉಳಿದ ಅಧ್ಯಾಯ

ಮಿಗ್ದಾಲಿಯಾ ಮೂವತ್ತೊಂದು ವರ್ಷಗಳಿಂದ ಪಿನಾರ್ ದೆಲ್ ರಿಯೊ ಎಂಬ ಊರಿನ ಒಂದು ಸಿಗಾರ್ ಕಾರ್ಖಾನೆಯಲ್ಲಿ ಹೊಗೆಸೊಪ್ಪು ಸುತ್ತುತ್ತಿದ್ದಾಳೆ. ಮೂರನೇ ಸಾಲು, ಕಿಟಕಿಯಿಂದ ಎರಡನೇ ಮಣೆ. ಕೈಗೆ ದಿನವಿಡೀ ಕೆಲಸ, ಕಿವಿಗೆ ಬಿಡುವು. ಆ ಕಿವಿಗಳಿಗಾಗಿಯೇ ಕಾರ್ಖಾನೆ ಎವೇಲಿಯೊ ಎಂಬವರಿಗೆ ಸಂಬಳ ಕೊಡುತ್ತದೆ. ಎತ್ತರದ ಕಟ್ಟೆಯ ಮೇಲೆ ಕುಳಿತು ಬೆಳಿಗ್ಗೆ ಪತ್ರಿಕೆ, ಊಟವಾದ ಮೇಲೆ ಕಾದಂಬರಿ ಓದಿ ಹೇಳುವುದು ಅವರ ಕೆಲಸ. ಯಾವ ಕಾದಂಬರಿ ಎಂಬುದನ್ನು ಕೆಲಸಗಾರರು ಕೈಯೆತ್ತಿ ತೀರ್ಮಾನಿಸುತ್ತಾರೆ. ಓದಿದ್ದು ಹಿಡಿಸಿದರೆ ಎಲೆ ಕತ್ತರಿಸುವ ಅಲಗಿನಿಂದ ಮಣೆ ಕುಟ್ಟುತ್ತಾರೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಬಿಸಾಡುತ್ತಾರೆ.

ಹೀಗೆ ಅವಳು ಕೇಳಿದ ಪುಸ್ತಕಗಳು ಇನ್ನೂರಕ್ಕೂ ಮೇಲೆ. ಮೂರು ವರ್ಷದ ಹಿಂದೆ ಕೈಗೆ ಫೋನ್ ಬಂದದ್ದೇ ತಡ, ಒಂದೊಂದನ್ನೇ ಫೇಸ್‌ಬುಕ್ಕಿನ ಓದುಗರ ಗುಂಪೊಂದಕ್ಕೆ ಏರಿಸತೊಡಗಿದಳು. ಊಟದ ಬಿಡುವಿನಲ್ಲಿ ಎವೇಲಿಯೊ ಅವರ ಕಪಾಟಿನಿಂದ ಪುಸ್ತಕ ತಂದು, ಕಂದುಗಟ್ಟಿದ ಬೆರಳುಗಳಲ್ಲಿ ಹಿಡಿದು ಫೋಟೊ ತೆಗೆಯುವಳು. ಕೆಳಗೆ ನಾಲ್ಕು ಸಾಲು ಬರೆಯುವಳು. ‘ಕೇಳಿದೆ’ ಎಂದು ಎಲ್ಲೂ ಬರೆಯಲಿಲ್ಲ. ‘ಓದಿದೆ’ ಎಂದೇ ಬರೆದಳು. ಅವಳ ಮಟ್ಟಿಗೆ ಎರಡೂ ಒಂದೇ.

“ಏನೇ ಸಿಗುತ್ತೆ ನಿಂಗೆ ಇದ್ರಿಂದ?” ಪಕ್ಕದ ಮಣೆಯ ಸೊರಾಯ್ದಾ ಕೆಣಕುತ್ತಿದ್ದಳು. “ರೇಷನ್ ಅಂಗಡೀಲಿ ಒಂದು ಹಿಡಿ ಅಕ್ಕಿ ಜಾಸ್ತಿ ಕೊಡ್ತಾರಾ?”

“ಊರೋರೆಲ್ಲ ಹುರಿದ ಹಂದಿಮಾಂಸದ್ದು, ಹೊಸ ಚಪ್ಪಲೀದು ಫೋಟೊ ಹಾಕ್ತಾರೆ. ನನ್ ಹತ್ರ ತೋರ್ಸೋಕೆ ಇನ್ನೇನಿದೆ? ನಾನು ಸುತ್ತಿದ್ದು ಸಮುದ್ರ ದಾಟಿ ಹೋಗುತ್ತೆ. ಸೇದೋನಿಗೆ ನನ್ ಹೆಸರು ಗೊತ್ತಾ? ಅದರ ಸೊಂಟದ ಪಟ್ಟೀಲಿರೋದು ಯಾರದೋ ಹೆಸರು. ಪುಸ್ತಕದ ಕೆಳಗಾದ್ರೂ ನಂದಿರ್ಲಿ.”

“ಬರೆದೋನ ಹೆಸರು ಎಲ್ಲಿ ಹಾಕ್ತೀಯಮ್ಮಾ ಹಂಗಾದ್ರೆ?”

“ಚಿಕ್ಕದಾಗಿ ಹಾಕಿರ್ತೀನಿ ಬಿಡೇ.”

ಹಾಗೆ ಏರಿಸಿದ್ದರಲ್ಲಿ ನೂರಾ ಹದಿನೆಂಟನೆಯದು ಅವಳಿಗೆ ಎಲ್ಲಕ್ಕಿಂತ ಬೇಕಾದ ಪುಸ್ತಕ: ದೀಪಸ್ತಂಭದ ಕಾವಲುಗಾರನೊಬ್ಬನ ಕಥೆ, ಹತ್ತೊಂಬತ್ತು ವರ್ಷದ ಹಿಂದೆ ಕೇಳಿದ್ದು. ಫೋಟೊಗೆಂದು ಪುಸ್ತಕ ಕೇಳಿದಾಗ ಎವೇಲಿಯೊ, “ಅದು ಗೆದ್ದಲು ಹಿಡಿದು ಹೋಯ್ತಮ್ಮಾ” ಎಂದರು. ಫೋಟೊ ಇಲ್ಲದೆಯೇ ಬರೆದಳು. ಬಿರುಗಾಳಿಯಲ್ಲಿ ಕಾವಲುಗಾರನ ಮಗನ ದೋಣಿ ದೀಪ ಕಂಡು ದಡದ ಕಡೆ ತಿರುಗುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ತನ್ನ ತಮ್ಮ ರೇನಿಯೆಲ್ ಅದೇ ವರ್ಷ ಲಾ ಕೊಲೊಮಾದಿಂದ ಮೀನಿಗೆ ಹೋದವನು ಮರಳಲಿಲ್ಲ. ಆ ಕೊನೆಯ ಸಾಲು ಹಿಡಿದುಕೊಂಡೇ ತಾನು ದಿನ ನೂಕಿದ್ದು ಎಂದೂ ಸೇರಿಸಿದಳು.

ಸಂಜೆಗೆ ಮತಾನ್ಸಾಸ್‌ನ ಗ್ರೆತೆಲ್ ಎಂಬ ಶಾಲಾ ಶಿಕ್ಷಕಿಯ ಉತ್ತರ ಬಂತು: “ಕೊನೇ ಅಧ್ಯಾಯದಲ್ಲಿ ಆ ಹುಡುಗ ಸಾಯ್ತಾನೆ, ತಾಯಿ. ಓದಿದೀನಿ ಅಂತ ಮೆರೆಯೋ ಮೊದ್ಲು ಪುಸ್ತಕ ಒಂದ್ಸಲ ತೆರೆದು ನೋಡ್ಬೇಕು.”

ಅದರ ಕೆಳಗೆ ನಗುವ ಮುಖಗಳ ಸಾಲೇ ಬಿತ್ತು. ಉಳಿದ ನೂರಾ ಹದಿನೇಳು ಯಾವ ಗಾಳಿಮಾತೋ ಎಂದು ಒಬ್ಬ ಬರೆದ. ಗುಂಪು ನಡೆಸುವವನು ಭಾನುವಾರದವರೆಗೆ ಗಡುವು ಕೊಟ್ಟ: ಆ ಕೊನೆಯ ಪುಟ ತೋರಿಸಬೇಕು, ಇಲ್ಲವಾದರೆ ಅವಳು ಬರೆದದ್ದನ್ನೆಲ್ಲ ಅಳಿಸಿ ಗುಂಪಿನಿಂದ ಹೊರಗೆ.

ಮರುದಿನ ಊಟದ ಹೊತ್ತಿಗೆ ಮಿಗ್ದಾಲಿಯಾ ನೇರ ಕಟ್ಟೆಯ ಬಳಿ ಹೋಗಿ ನಿಂತಳು.

“ಮೇಷ್ಟ್ರೇ, ಆ ಹುಡುಗ ಸಾಯ್ತಾನಾ?”

ಎವೇಲಿಯೊ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ಹೇಳಿಬಿಡಿ ಮೇಷ್ಟ್ರೇ, ಗಾಜು ಸವೆದುಹೋದೀತು” ಎಂದಳು ಹಿಂದೆಯೇ ಬಂದಿದ್ದ ಸೊರಾಯ್ದಾ. ಆಮೇಲೆ ತಾನೇ ಹೇಳಿದಳು. “ನಿನ್ ತಮ್ಮನ್ನ ಹುಡುಕ್ತಾ ನೀನು ಹನ್ನೊಂದು ದಿನ ಬಂದಿರ್ಲಿಲ್ಲ. ಅಷ್ಟೂ ದಿನ ಕಾದಂಬರಿ ನಿಲ್ಸಿದ್ವಿ. ನೀನು ವಾಪಸ್ ಬರೋ ದಿನ ಬೆಳಿಗ್ಗೆ ಮೇಷ್ಟ್ರು ಎದ್ದು ನಿಂತು, ‘ಕೊನೇ ಅಧ್ಯಾಯದಲ್ಲಿ ಬರೀ ಸಮುದ್ರ ಇದೆ, ಓದ್ಲಾ ಬೇಡ್ವಾ?’ ಅಂದ್ರು. ಬೇಡ ಅಂತ ಕೈ ಎತ್ತಿದ್ವಿ.”

“ಎಲ್ರೂನಾ?”

“ಅರವತ್ತೆರಡು ಜನ. ಬಾಗಿಲು ಕಾಯೋನೂ ಸೇರಿ. ಐದು ವಾರ ಕೇಳಿದ ಕಥೆ ಕಣೇ! ಕೊನೆಗೆ ಏನಾಯ್ತು ಅಂತ ನಮಗೂ ಇವತ್ತಿನ ತನಕ ಗೊತ್ತಿಲ್ಲ.”

ಈ ಕಾರ್ಖಾನೆಯಲ್ಲಿ ಬೆಳಗಿನ ಗುಟ್ಟು ಮಧ್ಯಾಹ್ನಕ್ಕೆ ಹಳಸುತ್ತದೆ. ಯಾರ ಗಂಡ ಯಾರ ಮನೆಯಲ್ಲಿ ಕಾಫಿ ಕುಡಿದ ಎಂಬುದೂ ಸಾಲಿನಿಂದ ಸಾಲಿಗೆ ದಾಟುತ್ತದೆ. ಇದೊಂದು ಮಾತ್ರ ದಾಟಿರಲಿಲ್ಲ. ಅವಳು ಮರಳಿದ ದಿನ ಎವೇಲಿಯೊ ದೋಣಿ ತಿರುಗುವ ಸಾಲು ಓದಿ ಪುಸ್ತಕ ಮುಚ್ಚಿದಾಗ ಎಲ್ಲರೂ ಅಷ್ಟು ಹೊತ್ತು ಮಣೆ ಕುಟ್ಟಿದ್ದು ಕಥೆ ಹಿಡಿಸಿತೆಂದು ಅವಳು ತಿಳಿದಿದ್ದಳು.

ಎವೇಲಿಯೊ ಕಪಾಟಿನ ಕೆಳಖಾನೆಯಿಂದ ಪುಸ್ತಕ ತೆಗೆದು ಕೊಟ್ಟರು. ಗೆದ್ದಲ ಸುಳಿವೂ ಇರಲಿಲ್ಲ. “ತಪ್ಪು ನಂದು. ಆ ಗುಂಪಿಗೆ ಬೇಕಾದ್ರೆ ನಾನೇ ಬರೀತೀನಮ್ಮಾ.”

“ಬೇಡ ಮೇಷ್ಟ್ರೇ” ಎಂದಳು. ಆ ಮಧ್ಯಾಹ್ನ ಅವಳು ಸುತ್ತಿದ್ದರಲ್ಲಿ ನಾಲ್ಕು ಸಿಗಾರ್ ತಪಾಸಣೆಯಲ್ಲಿ ತಿರಸ್ಕಾರವಾದವು.

ಭಾನುವಾರ ಕಾಫಿ ಕುಡಿದು ಹಿತ್ತಿಲ ಬಾಗಿಲಲ್ಲಿ ಕುಳಿತಳು. ಹದಿನಾರು ಪುಟ. ಯಾರ ದನಿಯೂ ಇಲ್ಲದೆ ಓದುವುದು ಮೊದಮೊದಲು ಕಷ್ಟವಾಯಿತು. ತುಟಿ ಅಲುಗಿಸಿ ತಾನೇ ದನಿ ಕೊಟ್ಟುಕೊಂಡಳು. ಮುಗಿಸಿ, ಕೊನೆಯ ಪುಟದ ಫೋಟೊ ತೆಗೆದು ಬರೆದಳು: “ಗ್ರೆತೆಲ್ ಹೇಳಿದ್ದು ನಿಜ. ನಾನು ಈ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ. ಉಳಿದವನ್ನೂ ಕಣ್ಣಿಂದ ಓದಿದ್ದಲ್ಲ, ಕೆಲಸ ಮಾಡುತ್ತ ಕಿವಿಯಿಂದ ಓದಿದ್ದು. ಇದೊಂದರ ಕೊನೆಯನ್ನು ಅರವತ್ತೆರಡು ಜನ ನನಗೋಸ್ಕರ ಕೇಳದೆ ಬಿಟ್ಟರು. ಇದು ನನಗೆ ಗೊತ್ತಾಗಿದ್ದು ಮೊನ್ನೆ. ಅಳಿಸುವುದಿದ್ದರೆ ಅಳಿಸಿ.”

ಅಳಿಸಲಿಲ್ಲ. ನಗುವ ಮುಖಗಳಲ್ಲಿ ಕೆಲವು ಸದ್ದಿಲ್ಲದೆ ಮಾಯವಾದವು. ಗ್ರೆತೆಲ್ ಬರೆದದ್ದು ಒಂದೇ ಸಾಲು: “ನಾನು ಇಷ್ಟು ವರ್ಷ ಒಬ್ಬಳೇ ಓದಿದೆ, ಅಕ್ಕಾ.”

ಆ ಅರವತ್ತೆರಡು ಜನರಲ್ಲಿ ಈಗ ಕೆಲಸದಲ್ಲಿ ಉಳಿದವರು ಹದಿನಾಲ್ಕು. ಸೋಮವಾರ ಮಿಗ್ದಾಲಿಯಾ ತಿಂಗಳ ಕಾಫಿಪುಡಿಯನ್ನೆಲ್ಲ ಒಂದೇ ಸಲ ಕುದಿಸಿ, ಎರಡು ಫ್ಲಾಸ್ಕುಗಳಲ್ಲಿ ತಂದು, ಹದಿನಾಲ್ಕು ಮಣೆಗಳ ಮೇಲೂ ಒಂದೊಂದು ಲೋಟ ಇಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ. ಸೊರಾಯ್ದಾ ಮಾತ್ರ ಲೋಟ ಹಿಡಿದು ಹತ್ತಿರ ಸರಿದಳು.

“ಇನ್ನಾದ್ರೂ ಹೇಳೇ. ಕೊನೆಗೆ ಏನಾಯ್ತು?”

ಅಕ್ಕಪಕ್ಕದ ಕೈಗಳೂ ನಿಧಾನವಾದವು.

“ಹುಡುಗ ಸಾಯ್ತಾನೆ” ಎಂದಳು ಮಿಗ್ದಾಲಿಯಾ. “ಆದ್ರೆ ಸಮುದ್ರ ಅವನನ್ನ ಇಟ್ಕೊಳ್ಳಲ್ಲ. ದಡಕ್ಕೆ ತಂದು ಬಿಡುತ್ತೆ. ಅವರಪ್ಪ ಮೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ದೀಪಸ್ತಂಭದ ಬುಡದಲ್ಲೇ ಮಣ್ಣು ಮಾಡ್ತಾನೆ. ನಮ್ ರೇನಿಯೆಲ್‌ಗೆ ಅಷ್ಟೂ ಸಿಗ್ಲಿಲ್ಲ ನೋಡು. ಅವತ್ತು ಕೇಳಿದ್ದಿದ್ರೆ ನಾನು ಈ ಮಣೆಯಿಂದ ಏಳ್ತಿರ್ಲಿಲ್ಲ. ನಿನ್ನೆ ಓದಿದೆ. ಯಾರೋ ಒಬ್ಬ ಅಪ್ಪಂಗಾದ್ರೂ ಸಿಕ್ತಲ್ಲ ಅನ್ನಿಸ್ತು.”

ಸೊರಾಯ್ದಾ ಮೂಗೊರೆಸಿಕೊಂಡು ಒಂದು ಗುಟುಕು ಕುಡಿದಳು.

“ಸಕ್ಕರೆ ಕಮ್ಮಿಯಾಯ್ತು ಕಣೇ” ಎಂದು ಲೋಟ ಖಾಲಿ ಮಾಡಿದಳು.