ಇನ್ನೊಬ್ಬಳ ಹೆಸರಿನ ಜೀನು

ಅರ್ಡಿತ್ ವೊಬೋರ್ನಿ ನಮ್ಮ ಶಾಲೆಯ ಅಂಗಳಕ್ಕೆ ಮೊದಲ ಸಲ ಬಂದದ್ದು ಹಿಂದುಮುಂದಾಗಿ. ಹೊಸ ಬಸ್ಸಿನ ಚಾಲಕಿಯನ್ನು ಬರಮಾಡಿಕೊಳ್ಳೋಣವೆಂದು ಮುಖ್ಯೋಪಾಧ್ಯಾಯರೂ ನಾವು ಕೆಲವು ಶಿಕ್ಷಕರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಹಳದಿ ಬಸ್ಸು ನಮಗೆ ಬೆನ್ನು ತೋರಿಸಿಕೊಂಡೇ ಒಳಗೆ ಬಂದು, ಧ್ವಜಸ್ತಂಭಕ್ಕೆ ಗೇಣುದ್ದ ಜಾಗ ಬಿಟ್ಟು ನಿಂತಿತು. ಬಿಸಿಲಿಗೆ ಸುಟ್ಟ ಉದ್ದ ಮುಖವೊಂದು ಕಿಟಕಿಯಿಂದ ಇಣುಕಿತು.

“ಈ ಕಂಬಾನ ಇಲ್ಲಿ ನೆಡ್ಸಿದ್ದು ಯಾರು?”

“ನಾನೇ,” ಎಂದರು ಮುಖ್ಯೋಪಾಧ್ಯಾಯರು ನಗುತ್ತ.

“ಹಂಗಾದ್ರೆ ನಾಳೆಯಿಂದ ಬಸ್ಸನ್ನ ನೀವು ತಿರುಗ್ಸಿ. ಕಂಬಾನ ನಾನು ನೋಡ್ಕೋತೀನಿ.”

ಮುಖ್ಯೋಪಾಧ್ಯಾಯರ ನಗು ಅಲ್ಲೇ ಇಂಗಿತು. ಮುಂದಿನ ವಾರ ಕಂಬ ಜಾಗ ಬದಲಿಸಿತು.

ನೆಬ್ರಾಸ್ಕದ ನಮ್ಮ ಮರಳುದಿಬ್ಬಗಳ ಸೀಮೆಯಲ್ಲಿ ಜನ ಮಾತಾಡುವುದೇ ಕಡಿಮೆ. ಅರ್ಡಿತ್ ಕೂಡ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಿದ್ದರಲ್ಲಿ ಮುಳ್ಳಿಲ್ಲದ್ದು ಸಿಗುತ್ತಿರಲಿಲ್ಲ. ಅಪ್ಪನ ಹುಲ್ಲುಗಾವಲಿನಲ್ಲಿ ಒಬ್ಬಳೇ ಇದ್ದಳು. ಮದುವೆಯಾಗಿರಲಿಲ್ಲ. ಚರ್ಚಿನ ಹೆಂಗಸೊಬ್ಬಳು ಕೊಲಾಚಿ ಎಂಬ ಸಿಹಿ ಬನ್ನುಗಳ ಬುಟ್ಟಿ ಹಿಡಿದು ಹೋಗಿ, “ಒಂಟಿತನ ಕಾಡಲ್ವಾ ಅರ್ಡಿತ್?” ಎಂದು ಕೇಳಿದಳಂತೆ. “ಈಗ ತಾನೇ ನೀನು ಬರೋವರೆಗೂ ಕಾಡಿರ್ಲಿಲ್ಲ,” ಎಂದಳಂತೆ ಇವಳು, ಬುಟ್ಟಿಯನ್ನು ಮಾತ್ರ ಒಳಗೆ ತೆಗೆದುಕೊಂಡು.

ಆ ಮನೆಯಲ್ಲಿ ಅವಳ ಬೈಗುಳಕ್ಕೆ ಸಿಗದೆ ಉಳಿದ ಜೀವವೆಂದರೆ ಪ್ಯಾನ್ಸಿ ಎಂಬ ಕುದುರೆ. ತಾಯಿ ಸತ್ತ ಮರಿಯನ್ನು ಬಕೆಟ್ಟಿನ ಹಾಲು ಕುಡಿಸಿ ಬೆಳೆಸಿದ್ದಳು. ಬೆನ್ನು ಎಷ್ಟು ಅಗಲವೆಂದರೆ, ಅದರ ಮೇಲೆ ಊಟದ ತಟ್ಟೆ ಇಟ್ಟರೂ ಜಾರುವಂತಿರಲಿಲ್ಲ. ಹುಡುಗಿಯಾಗಿದ್ದಾಗ ಅರ್ಡಿತ್ ಕೌಂಟಿ ಮೇಳದ ಕುದುರೆ ಪ್ರದರ್ಶನಕ್ಕೆ ಸೇರುತ್ತೇನೆಂದು ಅಪ್ಪನನ್ನು ಕಾಡಿದ್ದುಂಟು. “ಕುದುರೆ ಇರೋದು ದನ ತಿರುಗ್ಸೋಕೆ, ಕುಣ್ಸೋಕಲ್ಲ,” ಎಂದು ಅವನು ಬಾಗಿಲು ಹಾಕಿದ್ದ. ಅಪ್ಪ ಹೋದ. ಇವಳಿಗೆ ಐವತ್ತು ದಾಟಿತು, ಪ್ಯಾನ್ಸಿಗೂ ಹದಿನೈದಾಯಿತು. ಒಂದು ಸಲ, ಆ ಕಣದಲ್ಲಿ, ಈ ಕುದುರೆಯ ಮೇಲೆ ಕುಳಿತು ಜನರೆದುರು ಸವಾರಿ ಮಾಡಬೇಕು: ಅವಳಿಗಿದ್ದ ಆಸೆ ಇಷ್ಟೇ. ಯಾರಿಗೂ ಹೇಳಲಿಲ್ಲ. ಕುದುರೆಗೆ ಶಾಂಪೂ ಹಾಕಿ ತೊಳೆಯುತ್ತಿದ್ದಾಳೆಂಬ ಸುದ್ದಿ ಹರಡಿದಾಗ ಎಲ್ಲರಿಗೂ ತಿಳಿಯಿತು.

ಆ ಕಣದ ರಾಣಿ ಮಾರ್ಲಿಸ್ ಕ್ರುಪಿಚ್ಕ. ಹರೆಯದಲ್ಲಿ ಅವಳು ಗೆಲ್ಲದ ಬಹುಮಾನವಿಲ್ಲ. ಈಗ ಮಗಳು ಟ್ರಿನಾಳನ್ನು ಗೆಲ್ಲಿಸುತ್ತಿದ್ದಳು. ಅರ್ಡಿತ್‌ಗೂ ಅವಳಿಗೂ ಹಳೆಯ ಜಗಳ. ಟ್ರಿನಾ ಒಂದು ದಿನ ಪುಟ್ಟ ಹುಡುಗನೊಬ್ಬನ ಊಟದ ಡಬ್ಬಿಯನ್ನು ಬಸ್ಸಿನ ಕಿಟಕಿಯಿಂದ ಎಸೆದಿದ್ದಳು. ಅರ್ಡಿತ್ ಬಸ್ಸು ನಿಲ್ಲಿಸಿ, ಅವಳನ್ನು ಇಳಿಸಿ, ಡಬ್ಬಿ ಹುಡುಕಿಸಿ, ಮನೆಯವರೆಗೆ ಬಸ್ಸಿನ ಹಿಂದೆಯೇ ನಡೆಸಿದ್ದಳು. ಮಾರ್ಲಿಸ್ ಶಾಲಾ ಮಂಡಳಿಗೆ ದೂರು ಕೊಟ್ಟಳು. ಎಲ್ಲರೆದುರು ಕ್ಷಮೆ ಕೇಳಬೇಕೆಂದು ತೀರ್ಮಾನವಾಯಿತು. ಅರ್ಡಿತ್ ಎದ್ದು ನಿಂತು, “ಆ ಹುಡುಗಿ ನಡೆದಿದ್ದಕ್ಕೆ ನಂಗೆ ಬೇಜಾರಿದೆ. ಅವರಮ್ಮ ನಡೀಬೇಕಿತ್ತು,” ಎಂದು ಹೇಳಿ ಕುಳಿತಳು. ಅಲ್ಲಿಂದ ಇಬ್ಬರೂ ಅಂಗಡಿಯಲ್ಲಿ ಎದುರಾದರೆ ಒಬ್ಬಳು ಬೇರೆ ಸಾಲಿಗೆ ಹೊರಳುತ್ತಿದ್ದಳು. ಸಾಮಾನ್ಯವಾಗಿ ಹೊರಳುತ್ತಿದ್ದವಳು ಮಾರ್ಲಿಸ್.

ಪ್ರದರ್ಶನಕ್ಕೆ ಅಪ್ಪನ ಹಳೆಯ ಜೀನು ಆಗುತ್ತಿರಲಿಲ್ಲ. ದನ ಹಿಡಿಯುವ ಹಗ್ಗ ಸುತ್ತಿ ಸುತ್ತಿ ಅದರ ಮುಂದಿನ ಗೂಟವೇ ಸವೆದಿತ್ತು. ಹೊಸದನ್ನು ಕೊಳ್ಳುವುದು ಬಸ್ಸಿನ ಸಂಬಳಕ್ಕೆ ಎಟುಕದ ಮಾತು. ದನದ ಸಂತೆಯ ಹರಾಜಿನಲ್ಲಿ ಬೆಳ್ಳಿಯ ಬಿಲ್ಲೆಗಳಿದ್ದ, ಕನ್ನಡಿಯಂತೆ ಹೊಳೆಯುವ ಜೀನೊಂದು ಅಗ್ಗಕ್ಕೆ ಹೋಗುತ್ತಿತ್ತು. ಅರ್ಡಿತ್ ಅದರ ಮೇಲೆ ಕುಳಿತು ನೋಡಿದಳು. ಹೂವಿನಂತಿತ್ತು. ಕೊಂಡುಬಿಟ್ಟಳು.

ಮನೆಯಲ್ಲಿ ಹಾಕಿದಾಗ ಪ್ಯಾನ್ಸಿ ಕಿವಿ ಹಿಂದಕ್ಕೆ ಮಡಿಸಿತು. ಜೀನು ಗಟ್ಟಿಯಾಗಿ ಒತ್ತುತ್ತಿರಬೇಕೆಂದು ಕೆಳಗೆ ಇನ್ನೊಂದು ಗಾದಿ ಹಾಸಿದಳು. ಮತ್ತೆ ಮಡಿಸಿತು, ಮೂರನೆಯದನ್ನೂ ಹಾಸಿದಳು. ಬಿಗಿಯಾದ ಬೂಟಿನೊಳಗೆ ಕಾಲು ನೋಯುತ್ತದೆಂದು ಮೇಲಿಂದ ಮೇಲೆ ಕಾಲುಚೀಲ ತೊಟ್ಟ ಹಾಗೆ.

ವಸಂತದ ಸಣ್ಣ ಪ್ರದರ್ಶನವೊಂದರಲ್ಲಿ ಮೊದಲ ಸಲ ಕಣಕ್ಕಿಳಿದಳು. ನಡಿಗೆಯಲ್ಲಿ ಪ್ಯಾನ್ಸಿ ಬಾಲ ಬೀಸಿತು. ಸಣ್ಣ ಓಟದಲ್ಲಿ ಹಲ್ಲು ಕಿರಿಯಿತು. ನಾಗಾಲೋಟಕ್ಕೆ ಹೇಳಿದಾಗ ನಿಂತಲ್ಲೇ ಹಿಂಗಾಲು ಎತ್ತಿ ಒದೆಯಿತು. ತೀರ್ಪುಗಾರ ಟೋಪಿ ಮುಟ್ಟಿ, ಹೊರಹೋಗುವ ದಾರಿ ತೋರಿಸಿದ. ಹೊರಗೆ ಜೀನು ಇಳಿಸಿದಾಗ ಬೆನ್ನೆಲ್ಲ ಬೆವೆತಿತ್ತು, ಹೆಗಲ ಎರಡೂ ಪಕ್ಕದಲ್ಲಿ ಅಂಗೈಯಗಲ ಮಾತ್ರ ಒಣಗಿತ್ತು.

“ನೋಡಿ, ಇಲ್ಲಿ ಬೆವರೇ ಇಲ್ಲ,” ಎಂದಳು ಅರ್ಡಿತ್ ಸುತ್ತ ನಿಂತವರಿಗೆ. “ಜೀನು ತಾಗೇ ಇಲ್ಲ. ಕುದುರೇದು ಬರೀ ಹಟ.”

ಬೇಲಿಯ ಆಚೆಯಿಂದ ಮಾರ್ಲಿಸ್ ನಕ್ಕಳು. “ತಾಗಿಲ್ಲ ಅಲ್ಲ ಕಣೇ. ಬೆವರು ಬರೋಕೂ ಜಾಗ ಇಲ್ದಂಗೆ ಹಿಸುಕಿದೆ. ಆ ಜೀನಿನ ಒಳಗಿರೋ ಮರದ ಚೌಕಟ್ಟು ಸಣಕಲು ಕುದುರೆಗೆ ಮಾಡಿದ್ದು. ಬಸ್ಸಲ್ಲಿ ಮಕ್ಕಳು ಅತ್ರೂ ನಿಂಗೆ ಕೇಳ್ಸಲ್ಲ, ಕುದುರೆ ಅತ್ರೂ ಕೇಳ್ಸಲ್ಲ.”

ಜನ ನಕ್ಕರು. ಅರ್ಡಿತ್ ಕುದುರೆಯನ್ನು ಟ್ರೇಲರಿಗೆ ಹತ್ತಿಸಿದಳು. ಮನೆಗೆ ಬಂದು ಆ ಒಣಗಿದ ಜಾಗಗಳ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಪ್ಯಾನ್ಸಿ ನೋವಿಗೆ ಬೆನ್ನು ಬಗ್ಗಿಸಿ ಅವಳ ಕೈಯಡಿಯಿಂದ ಜಾರಿಕೊಂಡಿತು. ಮಾರ್ಲಿಸ್ ಹೇಳಿದ್ದು ನಿಜವಾಗಿತ್ತು. ಹಾಸ್ಯಕ್ಕಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು. ಆ ವಾರವೆಲ್ಲ ಬಸ್ಸಿನಲ್ಲಿ ಯಾರನ್ನೂ ಬೈಯಲಿಲ್ಲ, ಮಕ್ಕಳು ಹೆದರಿಕೊಂಡರು.

ಬೆನ್ನು ವಾಸಿಯಾದ ಮೇಲೆ ಬೆಳ್ಳಿಯ ಜೀನನ್ನು ಸಿಕ್ಕಿದ ಬೆಲೆಗೆ ತೊಲಗಿಸಿ, ಪ್ಯಾನ್ಸಿಯನ್ನು ಟ್ರೇಲರಿಗೆ ಹತ್ತಿಸಿಕೊಂಡು ಎಮ್ಮೆಟ್ ಪೊಸ್ಪಿಶಿಲ್‌ನ ಅಂಗಡಿಗೆ ಹೋದಳು. ಎಮ್ಮೆಟ್ ಮುಂದೆ ಮೇವು ಮಾರುತ್ತಿದ್ದ, ಹಿಂದಿನ ಕೋಣೆಯಲ್ಲಿ ಹಳೆಯ ಜೀನುಗಳನ್ನು ಮಾರುತ್ತಿದ್ದ.

“ಕುದುರೇನ ಯಾಕೆ ತಂದೆ? ಅಂಗಡಿ ಮುಂದೆ ಲದ್ದಿ ಹಾಕ್ಸೋಕಾ?” ಎಂದ.

“ಜೀನು ಹೊರೋದು ಅದು. ಅದಕ್ಕೇ ಕೇಳ್ಬೇಕು.”

“ನೀನೊಂದು ಸಲ ಕೂತು ನೋಡು ಮಹರಾಯ್ತಿ. ಎಲ್ರೂ ಹಂಗೇ ಮಾಡೋದು.”

“ನಾನು ಸೋಫಾ ತಗೊಳ್ಳೋಕೆ ಬಂದಿಲ್ಲ ಎಮ್ಮೆಟ್. ಹೊತ್ಕೊಂಡು ಬಾ.”

ಗೊಣಗುತ್ತ ಒಂದೊಂದಾಗಿ ತಂದ. ಅರ್ಡಿತ್ ಗಾದಿಯನ್ನೇ ಹಾಸದೆ ಬರೀ ಬೆನ್ನಿನ ಮೇಲೆ ಜೀನು ಇಟ್ಟು, ಅಡಿಗೆ ಕೈ ತೂರಿಸಿ ನೋಡಿದಳು. ಒಂದು ಹೆಗಲ ಮೇಲೆ ಕೊಕ್ಕರೆಯಂತೆ ನಿಂತಿತು. ಒಂದು ಹಿಂದೆ ಎದ್ದು ಮುಂದೆ ಕಚ್ಚಿತು. ಎಮ್ಮೆಟ್‌ಗೆ ಬೆನ್ನು ಹಿಡಿಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. ಕೊನೆಗೆ ಅರ್ಡಿತ್ ತಾನೇ ಒಳಗೆ ನುಗ್ಗಿ, ಮೂಲೆಯಲ್ಲಿ ತಾಡಪಾಲಿನ ಕೆಳಗಿದ್ದುದನ್ನು ಎಳೆದಳು.

“ಅದು ಬೇಡ,” ಎಂದ ಎಮ್ಮೆಟ್.

ಅವಳು ಅದನ್ನೇ ಹೊತ್ತು ತಂದಳು. ಕಡು ಕಂದು ಚರ್ಮ, ಒಳ್ಳೆಯ ಹೊಲಿಗೆ, ಅಗಲವಾದ ಒಳಮರ. ಪ್ಯಾನ್ಸಿಯ ಬೆನ್ನಿನ ಮೇಲೆ ಹಿಟ್ಟಿನ ಡಬ್ಬಿಯ ಮುಚ್ಚಳದಂತೆ ಕುಳಿತುಕೊಂಡಿತು. ಬೆರಳುಗಳು ಎಲ್ಲ ಕಡೆ ಒಂದೇ ಸಮನಾಗಿ ಹರಿದವು. ಕುದುರೆ ನಿಟ್ಟುಸಿರು ಬಿಟ್ಟು ಹಿಂಗಾಲನ್ನು ಸಡಿಲಿಸಿತು. ಬೆಲೆ ಕೇಳಿದರೆ ಎಲ್ಲಕ್ಕಿಂತ ಕಡಿಮೆ. ಯಾಕೆಂದು ಬಗ್ಗಿ ನೋಡಿದಳು. ಸವಾರನ ಕಾಲು ತಾಗುವ ಅಗಲ ಚರ್ಮದ ಮೇಲೆ ಹೂಬಳ್ಳಿಯ ಕೆತ್ತನೆ, ಅದರ ನಡುವೆ ಅಕ್ಷರಗಳು: ಕೌಂಟಿ ಚಾಂಪಿಯನ್, ಮಾರ್ಲಿಸ್ ಕ್ರುಪಿಚ್ಕ.

“ಅವಳ ಗಂಡ ಬಿಟ್ಟು ಹೋಗೋವಾಗ ಹೊಟ್ಟೆಕಿಚ್ಚಿಗೆ ತಂದು ಹಾಕಿದ,” ಎಂದ ಎಮ್ಮೆಟ್. “ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ. ಯಾರೂ ತಗೊಳ್ಳಲ್ಲ ಬಿಡು. ಇನ್ನೊಬ್ರು ಗೆದ್ದ ಜೀನು ಹಾಕ್ಕೊಂಡು ಕಣಕ್ಕೆ ಇಳಿಯೋದೂ ಒಂದೇ, ಇನ್ನೊಬ್ರ ಪದಕ ಎದೆಗೆ ಚುಚ್ಕೊಳ್ಳೋದೂ ಒಂದೇ.”

ಅರ್ಡಿತ್ ಅದನ್ನು ಇಳಿಸಿ, ಟ್ರೇಲರಿನ ಬಾಗಿಲು ಹಾಕಿ, ರಸ್ತೆಯ ತಿರುವಿನವರೆಗೂ ಹೋದಳು. ಅಲ್ಲಿಂದ ಹಿಂದುಮುಂದಾಗಿ ಬಂದು ಅಂಗಡಿಯ ಮುಂದೆ ನಿಲ್ಲಿಸಿದಳು.

“ಪಿಕಪ್ಪಿಗೆ ಹಾಕು,” ಎಂದಳು.

ಸುದ್ದಿ ಭಾನುವಾರದ ಪೂಜೆಗೆ ಮೊದಲೇ ಊರು ಸುತ್ತಿತು. ಸೋಮವಾರ ಮಾರ್ಲಿಸ್ ಅರ್ಡಿತ್‌ಳ ಅಂಗಳದಲ್ಲಿದ್ದಳು.

“ನನ್ನ ಜೀನು ಕೊಡು.”

“ನಿಂದಲ್ಲ. ದುಡ್ಡು ಕೊಟ್ಟು ತಂದಿದ್ದೀನಿ.”

“ಅದಕ್ಕಿಂತ ಹೆಚ್ಚೇ ಕೊಡ್ತೀನಿ. ನನ್ನ ಹೊಸ ಜೀನೂ ಕೊಡ್ತೀನಿ, ತಗೋ.”

“ನಿನ್ನ ಸಣಕಲು ಕುದುರೆಗೆ ಮಾಡ್ಸಿದ್ದಾ? ಅಂಥ ಜೀನು ಪ್ಯಾನ್ಸಿಗೆ ಏನ್ ಮಾಡುತ್ತೆ ಅಂತ ನೀನೇ ತಾನೇ ಊರೆಲ್ಲಾ ಸಾರಿದ್ದು?”

ನ್ಯಾಯವಾಗಿ ಹೇಳಬೇಕೆಂದರೆ, ಮಾರ್ಲಿಸ್‌ಳ ಸಂಕಟವೂ ಸುಳ್ಳಲ್ಲ. ಆ ಜೀನು ಗೆದ್ದುಕೊಟ್ಟ ಕುದುರೆ ಸತ್ತಿತ್ತು, ಗಂಡನೂ ಹೋಗಿದ್ದ, ಆ ದಿನಗಳ ಗುರುತೆಂದು ಉಳಿದದ್ದು ಅದೊಂದೇ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತೋ. ಅವಳು ಹೇಳಿದ್ದು ಬೇರೆ.

“ಹಂಗಾದ್ರೆ ನನ್ನ ಹೆಸರನ್ನಾದ್ರೂ ಮುಚ್ಚು. ಬಸ್ಸು ಓಡ್ಸೋಳ ಕಾಲಡೀಲಿ ನನ್ನ ಹೆಸರು ಇರೋದು ಬೇಡ.”

“ಶಾಲಾ ಮಂಡಳಿ ಮುಂದೆ ನನ್ನ ಹೆಸರು ಎಳೆದಾಡಿದಾಗ ಯಾರಾದ್ರೂ ಮುಚ್ಚಿದ್ರಾ?” ಎಂದು ಅರ್ಡಿತ್ ಬಾಗಿಲು ಹಾಕಿಕೊಂಡಳು.

ಬಾಗಿಲ ಹಿಂದೆ ಅವಳಿಗೂ ನೆಮ್ಮದಿಯಿರಲಿಲ್ಲ. ಎಮ್ಮೆಟ್‌ನ ಮಾತು ಚುಚ್ಚುತ್ತಿತ್ತು. ಇಷ್ಟು ವರ್ಷ ಕಾದು ಕಣಕ್ಕಿಳಿಯುವುದು ಮಾರ್ಲಿಸ್‌ಳ ಹೆಸರು ಹೊತ್ತೇ? ಮೇಳದ ದಿನ ಬೆಳಿಗ್ಗೆ ಲಾಯದಲ್ಲಿ, ಯಾರೂ ನೋಡದ ಹಾಗೆ, ಕಂದು ಬಣ್ಣದ ಟೇಪು ತಂದು ಎರಡೂ ಕಡೆಯ ಅಕ್ಷರಗಳ ಮೇಲೆ ನೀಟಾಗಿ ಅಂಟಿಸಿದಳು. ಹತ್ತಿರ ಬಂದು ನೋಡಿದರೆ ಮಾತ್ರ ಕಾಣುತ್ತಿತ್ತು.

ಮಾರ್ಲಿಸ್ ಹತ್ತಿರ ಬಂದು ನೋಡಲಿಲ್ಲ. ನೇರ ಹೆಸರು ಬರೆಸುವ ಮೇಜಿಗೆ ಹೋಗಿ, ಅರ್ಧ ಮೇಳಕ್ಕೆ ಕೇಳುವಂತೆ ದೂರು ಕೊಟ್ಟಳು: ಆ ಹೆಂಗಸು ತಾನು ಗೆಲ್ಲದ ಬಹುಮಾನ ತೋರಿಸಿಕೊಂಡು ಮೋಸ ಮಾಡುತ್ತಿದ್ದಾಳೆ, ಅವಳನ್ನು ಹೊರಗೆ ಹಾಕಬೇಕು. ಮೇಳದ ಅಧ್ಯಕ್ಷ ಬೆವರು ಒರೆಸಿಕೊಳ್ಳುತ್ತ ಲಾಯಕ್ಕೆ ಬಂದ. ಮಾರ್ಲಿಸ್ ಹಿಂದೆಯೇ ಬಂದಳು. ಜನವೂ ಬಂತು.

“ನಿಯಮದಲ್ಲಿ ಹೆಸರಿನ ಬಗ್ಗೆ ಏನೂ ಇಲ್ಲಮ್ಮಾ,” ಎಂದ ಅಧ್ಯಕ್ಷ. “ಆದ್ರೂ ಸುಮ್ನೆ ಗಲಾಟೆ ಯಾಕೆ, ಅದೊಂದನ್ನ ಮುಚ್ಚಿಬಿಟ್ರೆ...”

ಅರ್ಡಿತ್ ಅವನನ್ನು ನೋಡಿದಳು, ಮಾರ್ಲಿಸ್‌ಳನ್ನು ನೋಡಿದಳು. ಆಮೇಲೆ ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಸರ್ರನೆ ಕಿತ್ತಳು. ಇನ್ನೊಂದು ಕಡೆಯದನ್ನೂ ಕಿತ್ತಳು. ಎರಡನ್ನೂ ಉಂಡೆ ಮಾಡಿ ಮಾರ್ಲಿಸ್‌ಳ ಕೈಯಲ್ಲಿಟ್ಟಳು.

“ಮುಚ್ಚಿದ್ದೆ,” ಎಂದಳು. “ನಿಂಗೆ ಕಾಯೋಕಾಗ್ಲಿಲ್ಲ.”

ಮಾರ್ಲಿಸ್ ಕೈಯಲ್ಲಿದ್ದುದನ್ನು ನೋಡುತ್ತ ನಿಂತಳು. ಅವಳ ಕಿವಿಗಳು ಕೆಂಪಾದವು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಹೆಸರು ಈಗಲೂ ಮುಚ್ಚಿಹೋಗುತ್ತಿತ್ತೇನೋ. ತೆಗೆದುಕೊಳ್ಳಲಿಲ್ಲ.

ಕಣದಲ್ಲಿ ಪ್ಯಾನ್ಸಿ ಕಿವಿ ಮುಂದೆ ಮಾಡಿ ನಡೆಯಿತು. ಸಣ್ಣ ಓಟ ಹಾಕಿತು. ನಾಗಾಲೋಟಕ್ಕೆ ಹೇಳಿದಾಗ ತೊಟ್ಟಿಲಿನಂತೆ ತೂಗುತ್ತ ಹೋಯಿತು. ಅರ್ಡಿತ್‌ಳ ಲಗಾಮು ಸಡಿಲವಾಗಿತ್ತು. ಮುಖ ಮಾತ್ರ ಯಾರನ್ನೋ ಹೊಡೆಯಲು ಹೊರಟಂತಿತ್ತು. ಎಲ್ಲರೂ ಸಾಲಾಗಿ ನಿಂತಾಗ ಕಾನ್ಸಾಸಿನಿಂದ ಬಂದಿದ್ದ ತೀರ್ಪುಗಾರ ಅವಳ ಕಾಲಿನ ಬಳಿ ಬಗ್ಗಿ ಅಕ್ಷರಗಳನ್ನು ಓದಿದ.

“ತಾವು ಮಾರ್ಲಿಸ್ ಕ್ರುಪಿಚ್ಕ ಅವರಾ?”

“ದೇವರು ಅಷ್ಟು ಕೆಟ್ಟವನಲ್ಲ,” ಎಂದಳು ಅರ್ಡಿತ್.

ಟ್ರಿನಾಳಿಗೆ ಮೊದಲ ಸ್ಥಾನದ ನೀಲಿ ಪಟ್ಟಿ ಸಿಕ್ಕಿತು. ಅರ್ಡಿತ್‌ಗೆ ಮೂರನೆಯ ಸ್ಥಾನದ ಹಳದಿ. ಅದನ್ನು ಪ್ಯಾನ್ಸಿಯ ಹಣೆಪಟ್ಟಿಗೆ ಸಿಕ್ಕಿಸಿ, ಲಾಯಕ್ಕೆ ಹೋಗದೆ, ಮೇಳದ ದಾರಿಯುದ್ದಕ್ಕೂ ತಿಂಡಿಯ ಅಂಗಡಿಗಳ ನಡುವೆ ಸುಮ್ಮನೆ ಒಂದು ಸುತ್ತು ಹಾಕಿದಳು. ಅವಳು ಅಳುತ್ತಿದ್ದಳೆಂದು ಕೆಲವರು ಹೇಳಿದರು. ಅವಳನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈಗ ಅವಳು ಬಸ್ಸಿನ ಕೆಲಸ ಬಿಟ್ಟು ಬಹಳ ದಿನಗಳಾದವು. ಪ್ಯಾನ್ಸಿಗೆ ಹಲ್ಲು ಉದುರಿವೆ. ಅರ್ಡಿತ್ ಮೇವು ನೆನೆಸಿ ತಿನ್ನಿಸುತ್ತಾಳೆ, ಅದರ ಬೆನ್ನು ಹತ್ತುವುದಿಲ್ಲ. ಎಳೆಯ ಗಂಡುಕುದುರೆಯೊಂದನ್ನು ಪಳಗಿಸುತ್ತಿದ್ದಾಳೆ. ಅದರ ಬೆನ್ನು ಕಿರಿದು, ಆ ಅಗಲದ ಜೀನು ಅದಕ್ಕೆ ಆಗುವುದಿಲ್ಲ. ಇದು ತಿಳಿದ ಮೇಲೆ ಮಾರ್ಲಿಸ್ ವರ್ಷಕ್ಕೊಂದೆರಡು ಸಲ ಪಿಕಪ್ಪಿನಲ್ಲಿ ಬಂದು, ಬೇಲಿಯ ಹೊರಗೆ ನಿಲ್ಲಿಸಿ ಹಾರನ್ ಹೊಡೆಯುತ್ತಾಳೆ. “ಅವಳೇ ತಂದು ಕೊಡ್ಲಿ,” ಎನ್ನುವುದು ಮಾರ್ಲಿಸ್‌ಳ ವಾದ. “ಇಳಿದು ಬಂದು ಕೇಳ್ಲಿ,” ಎನ್ನುವುದು ಅರ್ಡಿತ್‌ಳದು. ಅರ್ಡಿತ್ ಜಗಲಿಯಲ್ಲಿ ಕುಳಿತು ಆಲೂಗೆಡ್ಡೆ ಹೆರೆಯುತ್ತಿರುತ್ತಾಳೆ, ತಲೆ ಎತ್ತುವುದಿಲ್ಲ. ಹಾರನ್ ನಿಂತು, ಧೂಳು ಕರಗಿದ ಮೇಲೆ ಎದ್ದು ಹೋಗಿ ಆ ಜೀನಿಗೆ ಎಣ್ಣೆ ಹಚ್ಚುತ್ತಾಳೆ. ಶನಿವಾರಗಳಲ್ಲಿ ಎಳೆಯ ಕುದುರೆಯನ್ನು ಟ್ರೇಲರಿಗೆ ಹತ್ತಿಸಿ ಸಂತೆಯಿಂದ ಸಂತೆಗೆ ಒಯ್ಯುತ್ತ, ಅದರ ಬರೀ ಬೆನ್ನಿನ ಮೇಲೆ ಅಗ್ಗದ ಜೀನುಗಳನ್ನು ಇಟ್ಟು ನೋಡುತ್ತ, ಮಾರುವವರನ್ನು ಬೈಯುತ್ತಿದ್ದಾಳೆ.